ಖಾಲಿ ಉರಿಯುವ ಒಲೆ

ಪರದೇಶದ ಹಿಮದೂರು ಕ್ಲೈನ್‌ಬರ್ಗ್‌ನಲ್ಲಿ ಗೆಳತಿ ಸವಿತಾಳ ಹೊಸ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಎಮ್ಮೆಯಷ್ಟು ದೊಡ್ಡ, ಉರಿಯೆಲ್ಲ ಒಳಗೇ ಮುಚ್ಚಿದ್ದ ಬೀಡುಕಬ್ಬಿಣದ ಒಲೆಯಿತ್ತು.

"ಇದನ್ನ ಆಫ್ ಮಾಡೋದ ಇಲ್ಲ ನೋಡು, ಇಪ್ಪತ್ನಾಲ್ಕೂ ತಾಸು ಗ್ಯಾಸ್ ಉರೀತಿರ್ತದ," ಎಂದಳು ಹೆಮ್ಮೆಯಿಂದ.

ಕಾದ ಕಬ್ಬಿಣದ ವಾಸನೆಗೆ ಧಾರವಾಡದ ನಮ್ಮಜ್ಜಿ ನೆನಪಾದಳು. ಒಲೆ ಖಾಲಿ ಉರಿದರೆ ಅವಳ ಜೀವ ಚಡಪಡಿಸುತ್ತಿತ್ತು.

"ಸುಮ್ಮನ ಉರಸಲಿಕ್ಕೆ ಕಟ್ಟಿಗಿ ಏನ್ ಬಿಟ್ಟಿ ಬಂದಾವೇನು?" ಎಂದು ಬೈಯುತ್ತಿದ್ದಳು. ರೊಟ್ಟಿ ಮುಗಿದ ಮೇಲೆ ಅದೇ ಕೆಂಡದಲ್ಲಿ ಬದನೆಕಾಯಿ ಸುಡುತ್ತಿದ್ದಳು, ಆಮೇಲೆ ಹಾಲು ಕಾಯಿಸುತ್ತಿದ್ದಳು. ಕೊನೆಗೆ ಉಳಿದ ಬಿಸಿಗೆ ನಮ್ಮ ಒದ್ದೆ ಯೂನಿಫಾರ್ಮ್ ಹರವುತ್ತಿದ್ದಳು. ಮಳೆಗಾಲವಿಡೀ ನಾನು ಶಾಲೆಯಲ್ಲಿ ಸುಟ್ಟ ಬದನೆಕಾಯಿಯಂತೆ ನಾರುತ್ತಿದ್ದೆ.

ಚಹಾಕ್ಕೆ ನೀರು ಕಾಯಿಸಲು ಸವಿತಾ ಎಲೆಕ್ಟ್ರಿಕ್ ಕೆಟಲ್ ಹಚ್ಚಿದಳು. ಅವಳು ಆಚೆ ತಿರುಗಿದ್ದೇ ತಡ, ಹಿಮದಲ್ಲಿ ತೊಯ್ದ ನನ್ನ ಸಾಕ್ಸ್ ಬಿಚ್ಚಿ ಆ ಒಲೆಯ ಮೇಲೆ ಹರವಿದೆ.