ಸೂಜಿ ಹಾಕಿದ ಒಲೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಹಿಂದಿನ ಓಣಿಯಲ್ಲಿ ಅಬ್ದುಲ್ ಸತ್ತಾರ್ ಗ್ಯಾಸ್ ಒಲೆ ರಿಪೇರಿಗೆ ಕೂತು ಮೂವತ್ತು ವರ್ಷ. ಅಷ್ಟೂ ವರ್ಷ ಗಿರಾಕಿಗಳು ಕೇಳಿದ್ದು ಒಂದೇ, ಉರಿ ಜೋರಾಗಬೇಕು. ಸತ್ತಾರ್ ಮಾಡಿದ್ದೂ ಒಂದೇ, ಗ್ಯಾಸ್ ಬರುವ ಜೆಟ್ಟಿನ ತೂತಿಗೆ ಸೂಜಿ ತಿರುವಿ ಹಿಗ್ಗಿಸುವುದು. ಉರಿ ಹಳದಿಯಾಗಿ ಪಾತ್ರೆಯ ಪಕ್ಕಕ್ಕೆಲ್ಲ ಏರುತ್ತಿತ್ತು. ಕೆಂಚಾರ್ಲಹಳ್ಳಿಯ ಅಶ್ವತ್ಥಮ್ಮನಂಥವರು ಸಾಬರ ಕೈಗುಣ ಹೊಗಳಿ, ಊರಿಗೆ ಹೋಗಿ ಕರಿ ಹಿಡಿದ ತಳ ತಿಕ್ಕುತ್ತಿದ್ದರು. ಸಿಲಿಂಡರ್ ಬೇಗ ಮುಗಿದರೆ ಬೈಗುಳ ಏಜೆನ್ಸಿಯವರಿಗೆ.

ಈ ವರ್ಷ ಹೆಂಡತಿ ಮೆಹಬೂಬ್ ಬೀಗೆ ಕೆಮ್ಮು ಹತ್ತಿತು. ಎರಡು ಬಾಟಲಿ ಔಷಧಿ ಖಾಲಿಯಾದ ಮೇಲೆ ಡಾಕ್ಟರಮ್ಮ, ಮನೆಯಲ್ಲಿ ಸೌದೆ ಒಲೆಯಾ ಎಂದು ಕೇಳಿದರು. ಗ್ಯಾಸು, ರಿಪೇರಿ ಮಾಡೋನೇ ನಾನು ಎಂದು ಸತ್ತಾರ್ ಜಂಬದಿಂದ ಹೇಳಿದ. ಉರಿ ಯಾವ ಬಣ್ಣ ಎಂದು ಆಕೆ ಮತ್ತೆ ಕೇಳಿದರು. ಹಳದಿ ಎಂದ. ಹಾಗಾದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಉಳಿದದ್ದನ್ನು ನಿಮ್ಮವರು ಉಸಿರಾಡುತ್ತಿದ್ದಾರೆ ಎಂದರು. ಜಂಬ ಇಳಿಯಿತು.

ಮನೆಗೆ ಬಂದವನೇ ಎರಡೂ ಬರ್ನರಿಗೆ ಹೊಸ ಜೆಟ್ ಹಾಕಿ, ಗಾಳಿ ಕಿಂಡಿಯ ಜಿಡ್ಡು ತೆಗೆದ. ಉರಿ ನೀಲಿಯಾಗಿ ಗಿಡ್ಡಕ್ಕೆ ಕೂತಿತು. ಮೆಹಬೂಬ್ ಬೀಗೆ ಆ ಉರಿ ಸಾಲಲಿಲ್ಲ. ಮೂರನೇ ದಿನ ಒಲೆಯನ್ನು ಆಟೋದಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಬಬ್ಲು ಅಂಗಡಿಗೆ ಹೋಗಿ, ಸೂಜಿ ಹಾಕಿಸಿಕೊಂಡು ಬಂದಳು. ಬಬ್ಲುಗೆ ಆ ವಿದ್ಯೆ ಕಲಿಸಿದವನೂ ಸತ್ತಾರನೇ.

ಸತ್ತಾರ್ ಒಲೆಯನ್ನು ಮತ್ತೆ ಬಿಚ್ಚಿದ. ಬಲಗಡೆ ಬರ್ನರಿಗೆ ಮಾತ್ರ ಮತ್ತೆ ಹೊಸ ಜೆಟ್ ಹಾಕಿ, ಎರಡರ ಮೇಲೂ ಒಂದೊಂದು ಲೀಟರ್ ನೀರಿಟ್ಟ. ಇಬ್ಬರೂ ನೋಡುತ್ತ ನಿಂತರು. ಹಳದಿ ಉರಿಯ ನೀರು ಒಂದು ನಿಮಿಷ ಮುಂಚೆ ಕುದಿಯಿತು.

“ನೋಡಿದ್ರಾ? ನಿಮ್ಮ ಕೈಗೆ ವಯಸ್ಸಾಯ್ತು,” ಎಂದಳು. ಮುಂದಿನ ಮಾತಿಗೆ ಕೆಮ್ಮು ಅಡ್ಡ ಬಂತು.

ಕೆಮ್ಮು ನಿಲ್ಲುವವರೆಗೆ ಕಾದು, ಸತ್ತಾರ್ ನೀರು ಚೆಲ್ಲಿ ಎರಡೂ ಪಾತ್ರೆಯ ತಳ ತೋರಿಸಿದ. ಒಂದು ಬೆಳ್ಳಗೆ, ಒಂದು ಕಾಡಿಗೆ.

“ನೀನೇ ಗೆದ್ದೆ ಕಣೇ. ಉಳಿಸಿದ ನಿಮಿಷ ಕೆಮ್ಮೋಕೆ ಆಯ್ತು, ಅಷ್ಟೇ.”

ಮರುದಿನ ಬೆಳಿಗ್ಗೆ ಚಾ ಸ್ವಲ್ಪ ತಡವಾಗಿ ಬಂತು, ಬಲಗಡೆ ಬರ್ನರಿನಿಂದ.

ಅದನ್ನು ಕುಡಿದು ಅಂಗಡಿಗೆ ಬಂದರೆ ಅಶ್ವತ್ಥಮ್ಮ ಒಲೆ ಹಿಡಿದು ಬಾಗಿಲಲ್ಲೇ ಕೂತಿದ್ದಳು. ಉರಿ ಸಾಲದು, ಸ್ವಲ್ಪ ಜೋರು ಮಾಡಿಕೊಡಪ್ಪ ಎಂದಳು. ಸತ್ತಾರ್ ಸೂಜಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಮೊಣಕಾಲು ಹಿಡಿದುಕೊಂಡು, ಎರಡು ಲೀಟರ್ ನೀರು ತರಲು ಎದ್ದ.