‘ಇರ್ಲಿ’ ಎಂದು ಕೊಟ್ಟ ವಯಲಿನ್

ಕ್ರಿಸ್‌ಮಸ್ಸಿನ ಮೇಲೆ ನನಗೆ ಸಿಟ್ಟಿಲ್ಲ. ಆ ಹಬ್ಬದಲ್ಲಿ ಕೊಡುವವರ ಮೇಲಿದೆ. ಅದರಲ್ಲೂ ಕೊಡುವಾಗ ‘ಕೊಟ್ಟೆ’ ಎಂದು ನೆಟ್ಟಗೆ ಹೇಳದವರ ಮೇಲೆ.

2022ರ ಡಿಸೆಂಬರ್ 25, ಭಾನುವಾರ. ಕಾರವಾರದ ಹಬ್ಬುವಾಡದಲ್ಲಿ ನನಗೆ ವಯಲಿನ್ ಕಲಿಸುತ್ತಿದ್ದ ಟೀಚರ್‌ಬಾಯಿ ಊಟವಾದ ಮೇಲೆ ತಮ್ಮ ವಯಲಿನ್ನನ್ನು ಪೆಟ್ಟಿಗೆ ಸಮೇತ ತಂದು ನನ್ನ ತೊಡೆಯ ಮೇಲಿಟ್ಟರು. ಆ ಮಳೆಗಾಲದಿಂದ ಅವರ ಎಡಗೈ ಬೆರಳುಗಳು ಮಡಚುತ್ತಿರಲಿಲ್ಲ. ‘‘ಚೆಡ್ವಾ, ಹಬ್ಬ ಅಲ್ವಾ. ಇದು ನಿನ್ನತ್ರ ಇರ್ಲಿ’’ ಎಂದರು. ಚೆಡ್ವಾ ಎಂದರೆ ಕೊಂಕಣಿಯಲ್ಲಿ ಹುಡುಗಿ. ಇರ್ಲಿ ಎಂದರೆ ಏನೆಂದು ನನಗೆ ಗೊತ್ತಿದೆ ಎಂದೇ ಮೂರು ವರ್ಷ ತಿಳಿದಿದ್ದೆ.

ನಮ್ಮದು ಅಂಕೋಲೆಯ ಕೇಣಿ. ಆಯಿ ಬೆಳಗಿನ ಟೆಂಪೋದಲ್ಲಿ ಬುಟ್ಟಿ ಹೇರಿಕೊಂಡು ಕಾರವಾರಕ್ಕೆ ಹೋಗಿ ಮನೆಮನೆಗೆ ಮೀನು ಹಾಕುತ್ತಾಳೆ. ಶಾಲೆಗೆ ರಜೆಯಿದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಅವಳು ಟೀಚರ್‌ಬಾಯಿಯ ಹಿತ್ತಲ ಬಾಗಿಲಲ್ಲಿ ಬಂಗಡೆ ಎಣಿಸುವಾಗ ನಾನು ಮುಂದಿನ ಕಿಟಕಿಗೆ ಬಂದು ನಿಲ್ಲುತ್ತಿದ್ದೆ, ಒಳಗೆ ಅವರು ನುಡಿಸುತ್ತಿದ್ದರು. ಒಂದು ದಿನ ‘‘ಅಲ್ಲಿ ನಿಂತ್ರೆ ಬರೀ ಕಿವಿಗೆ ಬರ್ತದೆ, ಕೈಗೆ ಬರೂದಿಲ್ಲ. ಒಳಗೆ ಬಾ’’ ಎಂದು ಕರೆದರು. ಅಂದಿನಿಂದ ಭಾನುವಾರ ಅವರು ಇಗರ್ಜಿಯಿಂದ ಬಂದ ಮೇಲೆ ನನಗೆ ಪಾಠ. ಪಾಠದ ಲೆಕ್ಕ ನಾನು ಇಟ್ಟಿದ್ದೇನೆ. ಆ ಲೆಕ್ಕ ಯಾರಿಗೂ ಬೇಕಾಗಲಿಲ್ಲ.

ಪ್ರತಿ ಕ್ರಿಸ್‌ಮಸ್ಸಿಗೆ ಅವರು ನನಗೆ ಒಂದು ಹೊಸ ಧಾಟಿ ಕಲಿಸುತ್ತಿದ್ದರು. ಅದೇ ಉಡುಗೊರೆ. ಆಗಲೂ ಅದೇ ಮಾತು: ‘‘ಇದೊಂದು ನಿನ್ನತ್ರ ಇರ್ಲಿ.’’ ಧಾಟಿಯನ್ನು ಯಾರೂ ವಾಪಸ್ ಕೇಳಲಾರರು, ಹಾಗಾಗಿ ತೊಂದರೆಯಾಗಲಿಲ್ಲ. ವಯಲಿನ್ ಬಂದ ಮೇಲೆ ಹಬ್ಬದ ಹಿಂದಿನ ದಿನಗಳಲ್ಲಿ ಹಬ್ಬುವಾಡದ ಮನೆಮನೆಗೆ ಹೋಗಿ ಹಾಡುವ ಗುಂಪಿನಲ್ಲಿ ಅವರ ಜಾಗದಲ್ಲಿ ನಾನೇ ನುಡಿಸಿದೆ, ಎರಡು ವರ್ಷ. ಕೇಣಿಯ ಮೀನಿನವಳ ಮಗಳು ಬಾಲಯೇಸುವಿನ ಗೋದಲಿಯ ಮುಂದೆ ನಿಂತು ನುಡಿಸುವುದು ಕೆಲವರಿಗೆ ಚೆಂದ ಕಂಡಿತು. ‘‘ಹಂಚ್ಕೊಳ್ಳೂದು ಅಂದ್ರೆ ಇದು’’ ಎಂದು ನನ್ನ ಫೋಟೊ ತೆಗೆದರು. ಹಂಚಿಕೊಂಡದ್ದು ಯಾರು, ಹಂಚಿದ್ದು ಏನು ಎಂದು ಆಗ ನಾನು ಕೇಳಬೇಕಿತ್ತು.

2025ರ ಜೂನಿನಲ್ಲಿ ಟೀಚರ್‌ಬಾಯಿಯ ಸೊಸೆ ಮಗಳನ್ನು ಕರೆದುಕೊಂಡು ವಾಸ್ಕೊದಿಂದ ಅತ್ತೆಯ ಮನೆಗೆ ಬಂದು ನೆಲೆಸಿದಳು. ಡಿಸೆಂಬರ್ 20, ಶನಿವಾರ, ನಾನು ಕೆಲಸ ಮಾಡುವ ಅಂಕೋಲೆಯ ಝೆರಾಕ್ಸ್ ಅಂಗಡಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಅವಳ ಫೋನ್.

‘‘ಈ ಸಲ ನಮ್ಮ ಮಗಳು ನುಡಿಸ್ತಾಳೆ. ನಮ್ಮ ವಯಲಿನ್ ತಂದು ಕೊಡು ಆಯ್ತಾ? ಇಷ್ಟು ದಿನ ಇಟ್ಕೊಂಡಿದ್ದಕ್ಕೆ ಥ್ಯಾಂಕ್ಸ್.’’

‘‘ಅದು ನನಗೆ ಕೊಟ್ಟದ್ದು.’’

‘‘ಯಾರು ಕೊಟ್ಟದ್ದು? ಮಾಂಯ್ ಇರ್ಲಿ ಅಂದಿದ್ರು. ಇರ್ಲಿ ಅಂದ್ರೆ ಇರ್ಲಿ, ಅಷ್ಟೆ.’’

ಮಾಂಯ್ ಎಂದರೆ ಅವಳ ಅತ್ತೆ. ಮೂರು ವರ್ಷದ ಹಿಂದೆ ಆ ಕೋಣೆಯಲ್ಲಿ ಇಲ್ಲದಿದ್ದವಳಿಗೆ ಆ ಶಬ್ದ ಸರಿಯಾಗಿ ಗೊತ್ತಿತ್ತು. ಅಂದರೆ ಅತ್ತೆಯೇ ಹೇಳಿರಬೇಕು.

ಸಂಜೆ ಆಯಿಗೆ ಹೇಳಿದೆ. ಅವಳು ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ.

‘‘ಕೊಟ್ಟು ಬಾ’’ ಎಂದಳು. ‘‘ನಾ ಅವ್ರ ಹಿತ್ಲಲ್ಲಿ ಬುಟ್ಟಿ ಇಟ್ಟು, ಇಲ್ಲೇ ಇರ್ಲಿ ಬಾಯಿ ಅಂದು ಪ್ಯಾಟಿಗೆ ಹೋಗೂದಿಲ್ವಾ? ಅವ್ರು ಅದ್ರಲ್ಲಿ ಹೂಂಗಿಡ ನೆಟ್ರೆ ನಾ ಸುಮ್ನಿರ್ತನಾ?’’

‘‘ಹಬ್ಬಕ್ಕೆ ನೆವ್ರಿ ತಟ್ಟೆ ಕೊಡುವಾಗ್ಲೂ ಅವ್ರು ಇರ್ಲಿ ಅಂತಾರೆ. ನೀ ನೆವ್ರಿ ವಾಪಸ್ ಕೊಟ್ಟಿದ್ಯಾ?’’ ನೆವ್ರಿ ಎಂದರೆ ಅವರ ಕರ್ಜಿಕಾಯಿ.

‘‘ನೆವ್ರಿ ತಿಂಬೂದು. ಪಿಟೀಲು ತಿಂಬೂದಾ?’’

‘‘ಅವ್ರು ಕೊಟ್ಟದ್ದೇ ಆಯಿ. ಹಬ್ಬದ ದಿನ ತೊಡೆ ಮೇಲೆ ತಂದಿಟ್ಟು ಕೊಟ್ಟದ್ದು.’’

‘‘ಹಾಂಗಾರೆ ಅವ್ರ ಬಾಯಲ್ಲೇ ಹೇಳ್ಸು. ಅವ್ರು ಹೇಳ್ದಿದ್ರೆ ಸುಮ್ನೆ ಇಟ್ಟು ಬಾ. ಬೆಳಗಾದ್ರೆ ಆ ಮನಿ ಬಾಗ್ಲಿಗೆ ಮತ್ತೆ ಹೋಗ್ಬೇಕಾದವ್ಳು ನಾನು, ನೀನಲ್ಲ.’’

ಇನ್ನೊಬ್ಬರ ಮನೆಯ ಹಿತ್ತಲ ಬಾಗಿಲನ್ನು ನಂಬಿ ಬದುಕುವವರು ಹೀಗೆಯೇ ಮಾತಾಡುತ್ತಾರೆ. ಅವಳ ಮೇಲೂ ನನಗೆ ಸಿಟ್ಟು ಬಂತು. ಎರಡು ದಿನ ಅವಳು ಬಡಿಸಿದ್ದನ್ನು ಮಾತಿಲ್ಲದೆ ಉಂಡೆ.

23ನೇ ತಾರೀಖು, ಮಂಗಳವಾರ, ರಜೆ ಹಾಕಿ ಹಬ್ಬುವಾಡಕ್ಕೆ ಹೋದೆ. ಬಾಗಿಲಲ್ಲಿ ಬಿದಿರುಕಡ್ಡಿಯ ನಕ್ಷತ್ರ ತೂಗುತ್ತಿತ್ತು. ಒಳಗೆ ಸೊಸೆ ಗೋದಲಿಗೆ ಹುಲ್ಲು ಹರಡುತ್ತಿದ್ದಳು. ಅವಳ ಮಗಳು ಮೂಲೆಯಲ್ಲಿ ಫೋನ್ ನೋಡುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಟೀಚರ್‌ಬಾಯಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು.

‘‘ತಂದ್ಯಾ? ಅಲ್ಲಿಡು’’ ಎಂದಳು ಸೊಸೆ.

ನಾನು ಇಡಲಿಲ್ಲ. ಪೆಟ್ಟಿಗೆಯನ್ನು ಹಿಡಿದುಕೊಂಡೇ ಟೀಚರ್‌ಬಾಯಿಯ ಮುಂದೆ ನಿಂತೆ. ‘‘ಬಾಯಿ, ಇದು ನನಗೆ ಕೊಟ್ಟದ್ದೋ, ಬರೀ ಇಟ್ಕೊಳ್ಳೂಕೆ ಕೊಟ್ಟದ್ದೋ? ನೀವೇ ಹೇಳಿ.’’

ಅವರು ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು. ‘‘ಹಬ್ಬದ ಟೈಮಲ್ಲಿ ಅದೆಲ್ಲ ಎಂತಕ್ಕೆ? ಇರ್ಲಿ ಬಿಡಾ’’ ಎಂದರು.

‘‘ಕೇಳ್ದ್ಯಾ? ಇಲ್ಲೇ ಇರ್ಲಿ ಅಂದ್ರು’’ ಎಂದಳು ಸೊಸೆ.

‘‘ನನ್ನತ್ರ ಇರ್ಲಿ ಅಂದದ್ದು’’ ಎಂದೆ.

‘‘ಅಗೊ, ನಿಂಗೆ ನಾಚಿಕೆ ಇಲ್ವಾ? ಪುಕ್ಕಟೆ ಕಲ್ಸಿದ್ದಾರೆ, ಕೈಯಲ್ಲಿ ಕೊಟ್ಟು ನುಡಿಸ್ಲಿಕ್ಕೆ ಬಿಟ್ಟಿದ್ದಾರೆ. ಈಗ ವಯಲಿನ್ನೇ ಬೇಕು. ನಾಳೆ ಮನೆನೂ ಕೇಳ್ತೀಯಾ?’’

‘‘ಮನೆ ಇರ್ಲಿ ಅಂತ ಅವ್ರು ಹೇಳ್ಲಿಲ್ಲ. ಹೇಳಿದ್ರೆ ಕೇಳ್ತಿದ್ದೆ.’’

ಮೂಲೆಯಲ್ಲಿದ್ದ ಮಗಳು ನಕ್ಕಳು. ತಾಯಿ ತಿರುಗಿ ನೋಡಿದ್ದಕ್ಕೆ ಬಾಯಿ ಮುಚ್ಚಿಕೊಂಡಳು.

ನಾನು ಮತ್ತೆ ಟೀಚರ್‌ಬಾಯಿಗೆ ಹೇಳಿದೆ: ‘‘ಇರ್ಲಿ ಬೇಡ. ಕೊಟ್ಟೆ ಅನ್ನಿ, ಇಲ್ಲಾ ಕೊಟ್ಟಿಲ್ಲ ಅನ್ನಿ.’’

ವಯಸ್ಸಾದವರನ್ನು ಹಾಗೆ ನಿಲ್ಲಿಸಿ ಕೇಳಬಾರದು ಎನ್ನುವವರು ಇದ್ದಾರೆ. ವಯಸ್ಸಾದವರಿಗೆ ನಾಲಿಗೆ ಇರುತ್ತದೆ. ಒಂಬತ್ತನೇ ಇಯತ್ತೆಯಿಂದ ನನ್ನ ಒಂದೊಂದು ಸ್ವರಕ್ಕೂ ‘ಸರಿ’, ‘ತಪ್ಪು’ ಎಂದು ಆ ಕ್ಷಣವೇ ಹೇಳಿದವರು ಅವರು. ಕಾಲು ಸ್ವರ ಜಾರಿದರೂ ಬಿಡುತ್ತಿರಲಿಲ್ಲ.

ಟೀಚರ್‌ಬಾಯಿ ತೊಡೆಯ ಮೇಲಿನ ಕೈಗಳನ್ನು ನೋಡಿಕೊಂಡರು. ಈಗ ಅವರಿಗೆ ಚಹಾದ ಲೋಟ ಹಿಡಿಸುವುದೂ ಸೊಸೆಯೇ. ಅದು ನನಗೆ ಕಾಣದೆ ಇರಲಿಲ್ಲ. ಕೊನೆಗೆ ಮೆಲ್ಲಗೆ, ‘‘ಬರೀ ಇಟ್ಕೊಳ್ಲಿಕ್ಕೆ ಕೊಟ್ಟದ್ದು’’ ಎಂದರು.

‘‘ಆಯ್ತು’’ ಎಂದೆ.

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದೆ. ವಯಲಿನ್ ಅವರದಾದರೆ ತಂತಿಗಳು ನನ್ನವು. ಹಿಂದಿನವು ತುಕ್ಕು ಹಿಡಿದಿದ್ದಕ್ಕೆ ಮಾರ್ಚ್ ತಿಂಗಳಲ್ಲಿ ರೈಲಿನಲ್ಲಿ ಮಡಗಾಂವಿಗೆ ಹೋಗಿ ಹೊಸತು ತಂದಿದ್ದೆ; ಕಾರವಾರದಲ್ಲಿ ಸಿಕ್ಕಿರಲಿಲ್ಲ. ಮೊದಲನೆಯ ಬಿರಡೆಯನ್ನು ತಿರುಗಿಸಿ ಸಡಿಲಿಸಿದೆ. ತಂತಿ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿದೆ. ಎರಡನೆಯದು.

‘‘ಎಂತ ಮಾಡ್ತಾ ಇದ್ದೀಯೆ?’’ ಎಂದಳು ಸೊಸೆ.

‘‘ನನ್ನದು ನಾ ತಕಂಡು ಹೋತೆ.’’

ಟೀಚರ್‌ಬಾಯಿ ಕುರ್ಚಿಯಲ್ಲಿ ಮುಂದೆ ಬಾಗಿದರು. ‘‘ಚೆಡ್ವಾ, ಎಲ್ಲಾ ಒಟ್ಟಿಗೆ ತೆಗಿಬೇಡ. ಒಳಗಿನ ಕಡ್ಡಿ ಬೀಳ್ತದೆ.’’

ಅವರು ಹೇಳಿದ್ದು ನನಗೆ ಗೊತ್ತಿತ್ತು. ವಯಲಿನ್ನಿನ ಹೊಟ್ಟೆಯೊಳಗೆ ಅಂಟು ಇಲ್ಲದೆ ಒಂದು ಸಣ್ಣ ಕಡ್ಡಿ ನಿಂತಿರುತ್ತದೆ. ಅದಿಲ್ಲದೆ ನಾದ ಇಲ್ಲ. ತಂತಿಗಳ ಬಿಗಿಯೇ ಅದನ್ನು ನಿಲ್ಲಿಸುವುದು. ಅದಕ್ಕೇ ತಂತಿ ಬದಲಿಸುವವರು ಒಂದನ್ನು ತೆಗೆದು, ಹೊಸದನ್ನು ಕಟ್ಟಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾರೆ. ಬಿದ್ದರೆ ಕೂರಿಸಲು ಬರುವವರು ನಮ್ಮ ಕಡೆ ಯಾರೂ ನನಗೆ ಗೊತ್ತಿಲ್ಲ.

ಮೂರನೆಯದನ್ನು ತೆಗೆದೆ. ನಾಲ್ಕನೆಯದನ್ನು ಸಡಿಲಿಸುವಾಗ ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಮಗುಚಿ ಬಿತ್ತು. ಅದರ ಬೆನ್ನಿಗೇ ಒಳಗೆ ‘ಟಕ್’ ಎಂದಿತು. ಸೊಸೆಗೆ ಅದು ಏನೂ ಅಲ್ಲ. ಟೀಚರ್‌ಬಾಯಿ ಕಣ್ಣು ಮುಚ್ಚಿಕೊಂಡರು.

‘‘ಬಿತ್ತು’’ ಎಂದರು. ಆಮೇಲೆ, ‘‘ನಾನು ನಿಂಗೇ ಕೊಟ್ಟದ್ದಾಗಿತ್ತು. ಕೊಟ್ಟದ್ದೇ’’ ಎಂದರು.

‘‘ಮಾಂಯ್!’’ ಎಂದಳು ಸೊಸೆ.

‘‘ಸುಮ್ನಿರು. ಕೊಟ್ಟದ್ದು.’’

ಐದು ನಿಮಿಷ ಮೊದಲು ಈ ಮಾತು ಹೇಳಿದ್ದರೆ ಅವರ ಕಾಲು ಹಿಡಿಯುತ್ತಿದ್ದೆ. ಹೇಳುವುದಕ್ಕೆ ಬೆಲೆ ತೆರಬೇಕಾಗಿದ್ದಾಗ ಅವರು ಹೇಳಲಿಲ್ಲ. ಸದ್ದೇ ಬಾರದ ಮರದ ಬಗ್ಗೆ ಧೈರ್ಯವಾಗಿ ಹೇಳಿದರು.

‘‘ಕೊಟ್ಟದ್ದಾದ್ರೆ ಹಾಳಾದದ್ದೂ ನಂದೇ. ನಿಮ್ಮತ್ರ ತಪ್ಪಾಯ್ತು ಅನ್ನೂಕೆ ಎಂತದೂ ಉಳೀಲಿಲ್ಲ’’ ಎಂದು ಪೆಟ್ಟಿಗೆ ಮುಚ್ಚಿ ಎತ್ತಿಕೊಂಡೆ.

ಸೊಸೆ ಬಾಗಿಲಿಗೆ ಅಡ್ಡ ಬಂದಳು. ‘‘ಆ ಹಾಳಾದದ್ದನ್ನು ತಕೊಂಡು ಹೋಗಿ ಎಂತ ಮಾಡ್ತೀಯೆ?’’

‘‘ಒಲೆಗೆ ಹಾಕ್ತೆ. ನಂದಲ್ವಾ?’’

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಕಣ್ಣು ತೆರೆಯಲಿಲ್ಲ. ಅವಳು ದಾರಿ ಬಿಟ್ಟಳು.

ಬಸ್ಸಿನಲ್ಲಿ ಅಂಕೋಲೆಯವರೆಗೆ ಪ್ರತಿ ಹೊಂಡಕ್ಕೂ ಪೆಟ್ಟಿಗೆಯೊಳಗೆ ಆ ಕಡ್ಡಿ ಉರುಳುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು, ‘‘ಒಳಗೆ ಎಂತದೋ ಬಿಚ್ಚಿದೆ ನೋಡು ತಂಗಿ’’ ಎಂದಳು. ಗೊತ್ತು ಎಂದೆ.

ಒಲೆಗೆ ಹಾಕಲಿಲ್ಲ. ಅಟ್ಟದ ಮೇಲಿದೆ. ರಿಪೇರಿಗೆ ಒಯ್ಯುವ ಮನಸ್ಸು ಇದುವರೆಗೆ ಬಂದಿಲ್ಲ, ಯಾವಾಗ ಬರುತ್ತದೆಂದು ಹೇಳಲಾರೆ. ಆ ವರ್ಷ ಹಬ್ಬುವಾಡದ ಗುಂಪು ಬರೀ ಗಿಟಾರಿನಲ್ಲಿ ಹಾಡಿಕೊಂಡು ಹೋಯಿತು ಎಂದು ಆಯಿ ಬಂದು ಹೇಳಿದಳು. ಹಬ್ಬದ ಮರುದಿನ ಅವಳು ಹಿತ್ತಲ ಬಾಗಿಲಿಗೆ ಹೋದಾಗ ಸೊಸೆ ಮೀನು ತೆಗೆದುಕೊಂಡಳಂತೆ, ಮಾತಾಡಲಿಲ್ಲವಂತೆ. ನೆವ್ರಿ ತಟ್ಟೆ ಬರಲಿಲ್ಲ.

‘‘ಬಾಯಿ ನಿನ್ನ ಕೇಳಿದ್ರು’’ ಎಂದಳು ಆಯಿ.

‘‘ಎಂತ ಅಂತ?’’

‘‘ಹೊಸ ವರ್ಷದ ಭಾನುವಾರ ಪಾಠಕ್ಕೆ ಬರ್ತಾಳಾ ಅಂತ.’’

ಆ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ.