ಅವ್ವನ ತೊಡೆ, ಮಾವನ ಗಂಜಿ

ಆಗುವುದಿಲ್ಲ ಎಂದವನು ದೇವದುರ್ಗದ ನನ್ನ ಸೋದರಮಾವ. “ಅಕ್ಕ ಉಳಿಯಂಗಿಲ್ಲ, ಅಕಿ ಮಗಳು ಡಿಗ್ರಿ ಮುಗಸಂಗಿಲ್ಲ” ಎಂದು ನೆಂಟರೊಬ್ಬರ ಮದುವೆ ಹಂದರದಲ್ಲೇ ಸಾರಿದ್ದ. ಅವ್ವನಿಗೆ ಎಚ್‌ಐವಿ ಎಂದು ತಿಳಿದ ವರ್ಷವದು. ನಾನಿನ್ನೂ ಶಾಲೆಯಲ್ಲಿದ್ದೆ, ಮಾವ ದೂರದೃಷ್ಟಿಯವನು.

ಅವ್ವ ದಿನಾ ಗುಳಿಗೆ ನುಂಗಿ ಬದುಕಿಬಿಟ್ಟಳು. ಹೆಬ್ಬೆಟ್ಟು ದಾಟದ ನಮ್ಮ ಮನೆತನದಲ್ಲಿ ನಾನು ಡಿಗ್ರಿಯನ್ನೂ ಮುಗಿಸಿದೆ. ಅವ್ವನಿಗೆ ಮುಪ್ಪು ಬರಬಹುದೆಂದು ಬಂಧುಗಳು ಎಣಿಸಿರಲೇ ಇಲ್ಲವಾದ್ದರಿಂದ, ಅದು ಬಂದಾಗ ಯಾರಿಗೂ ಗುರುತು ಸಿಗಲಿಲ್ಲ. ತೊಡೆ ಕರಗಿತು. ಮಾನ್ವಿಯ ನಮ್ಮ ಮನೆಯಲ್ಲಿ ನೆಲದಿಂದ ಏಳಲು ಗೋಡೆ ಹಿಡಿಯತೊಡಗಿದಳು.

ಮಾವ ಬಂದು ಪಥ್ಯ ಬಿಗಿ ಮಾಡಿದ. ಗುಳಿಗೆ ಉಷ್ಣವಂತೆ, ಹಾಗಾಗಿ ತತ್ತಿ ಇಲ್ಲ, ಬೇಳೆ ಇಲ್ಲ, ಬರೀ ಗಂಜಿ. ಕೊಡ ಎತ್ತಬಾರದು, ಕಸ ಹೊಡೆಯಬಾರದು, ಸುಮ್ಮನೆ ಕೂತಿರಬೇಕು. ಇಷ್ಟು ಪ್ರೀತಿಯಿಂದ ಒಬ್ಬರನ್ನು ಸವೆಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ರಾಯಚೂರಿನಲ್ಲಿ ನನ್ನ ಪದವಿ ಪ್ರದಾನ ನೋಡಬೇಕೆಂಬುದು ಅವ್ವನ ಆಸೆ. ಆದರೆ ಬಸ್ಸಿನ ಮೆಟ್ಟಿಲಿಗೆ ಕಾಲು ಏಳದು. “ಚೀಲ ಎತ್ತಿದಂಗ ಎತ್ತಿ ಹತ್ತಸೋದಾದ್ರ ನಾ ಬರಂಗಿಲ್ಲ” ಎಂದಳು.

“ಫೋಟೊ ಕಳಸು ಸಾಕು,” ಎಂದ ಮಾವ, ಬಲು ಉದಾರಿ.

ನಾನು ಅವ್ವನನ್ನು ಆಟೊದಲ್ಲಿ ದವಾಖಾನೆಗೆ ಕರೆದೊಯ್ದೆ.

“ವೈರಸ್ ತಣ್ಣಗದ ಬಿಡ್ರಿ,” ಎಂದರು ಡಾಕ್ಟರಮ್ಮ. “ಹೋಗಾಕತ್ತಿದ್ದು ಮಾಂಸಖಂಡ. ವಯಸ್ಸಾದಂಗ ಎಲ್ಲಾರಿಗೂ ಕರಗ್ತದ, ಎಚ್‌ಐವಿ ಇದ್ದವರಿಗೆ ಸ್ವಲ್ಪ ಲಗೂನ. ತತ್ತಿ, ಬ್ಯಾಳಿ ತಿನ್ರಿ. ಕೈ ಊರದಂಗ ಕುರ್ಚಿಯಿಂದ ಏಳೋದು, ಕೂಡೋದು ಮಾಡ್ರಿ.”

“ಏಳಾಕ ಬರಂಗಿಲ್ಲಂತ ಬಂದ್ರ ಏಳಂತಾರ. ಇದಕ್ಕೂ ಓದಬೇಕೇನ ಬೇ?” ಎಂದು ಅವ್ವ ನನ್ನ ಕಿವಿಯಲ್ಲಿ ಉಸುರಿದಳು.

ಆದರೂ ಮಾಡಿದಳು, ಬೈದುಕೊಂಡೇ ಎದ್ದಳು, ಬೈದುಕೊಂಡೇ ಕೂತಳು. ಒಂದು ದಿನ ಮಾವ ತಟ್ಟೆಯಲ್ಲಿ ತತ್ತಿ ಕಂಡು ಹೌಹಾರಿದ.

“ಉಷ್ಣ ಆಗಿ ಸಾಯ್ತಿ ಯಕ್ಕಾ!”

“ನೀ ಹೇಳಿದ ಟೈಮಿಗೆ ಸಾಯಲಿಲ್ಲ, ಈಗೇನು ಅವಸರ? ಇನ್ನೊಂದು ತತ್ತಿ ಸುಲಿ.”

ಪದವಿ ಪ್ರದಾನದ ದಿನ ಬಂತು. ಮಾನ್ವಿ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ “ಲಗೂ ಹತ್ತಬೇ ಯವ್ವಾ” ಎಂದು ಒದರುತ್ತಿದ್ದರೂ ಅವ್ವ ನಿಧಾನವಾಗಿ, ಕಂಬಿ ಹಿಡಿದು, ತಾನೇ ಹತ್ತಿದಳು. ತಾನು ನುಡಿದ ಭವಿಷ್ಯ ತಪ್ಪಿದ್ದನ್ನು ಕಣ್ಣಾರೆ ನೋಡಲೆಂದೋ ಏನೋ, ಮಾವನೂ ಜೊತೆಗೆ ಬಂದ.

ಸಭಾಂಗಣದಲ್ಲಿ ವೇದಿಕೆಯಿಂದ ಇಳಿದು ಅವ್ವನ ಬಳಿ ಬಂದೆ. ಎಬ್ಬಿಸಲು ಕೈ ಚಾಚಿದೆ. ಅದನ್ನು ಸರಿಸಿ, ತೊಡೆ ನಡುಗುತ್ತಿದ್ದರೂ ಎದ್ದು ನಿಂತಳು. ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ. ಅವ್ವ ಪಕ್ಕದ ಕುರ್ಚಿಯಲ್ಲಿದ್ದ ಮಾವನ ಕಡೆ ತಿರುಗಿದಳು.

“ಏಳಲೇ ತಮ್ಮಾ, ಇದು ಕುಂತು ನೋಡೋದಲ್ಲ.”